ಗುಜರಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡಿ



ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಸ್ಟುಡಿಯೋಗೆ ಬರುವ ಫೋನ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಹಾಡಿಗಾಗಿ. ‘ಆ ಹಳೇ ಹಾಡು ಯಾವಾಗ ಹಾಕ್ತೀರಿ?’ ಅಂತ. ಹೋದ ತಿಂಗಳು ಹೌಜ್ ಖಾಸ್‌ನಿಂದ ಬಂದ ಫೋನ್ ಮಾತ್ರ ಬೇರೆ ಥರದ್ದು. ಮಾಡಿದವರು ಸಾಗರ ಕಡೆಯ ಹಿರಿಯ ತಾಯಿ. ಮೂವತ್ತೈದು ವರ್ಷ ದೆಹಲಿಯಲ್ಲಿದ್ದು, ಈಗ ಡಿಡಿಎ ಫ್ಲಾಟ್ ಖಾಲಿ ಮಾಡಿ ಊರಿಗೆ ಮರಳುವ ತಯಾರಿಯಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದೇ, ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

‘ನೋಡಪ್ಪಾ, ಅಟ್ಟದ ಮೇಲೆ ನನ್ನ ದೊಡ್ಡ ಮಗ ಆಡ್ತಿದ್ದ ವಿಡಿಯೋ ಗೇಮ್ ಡಬ್ಬ ಸಿಕ್ತು. ಕಪ್ಪಗೆ, ಇಟ್ಟಿಗೆ ಹಾಗಿದೆ. ಕಬಾಡಿಯವನು ತೂಕಕ್ಕೆ ಹಾಕಿಕೊಳ್ತೀನಿ ಅಂದ. ಅಷ್ಟರಲ್ಲಿ ಮೇಲಿನ ಮನೆ ಹುಡುಗ ಓಡಿ ಬಂದು, ಆಂಟಿ, ಹಿಂದಿರೋ ಆ ತುಂಡು ಒಂದನ್ನ ಬಿಚ್ಚಿ ನನಗೆ ಕೊಡಿ, ಇಡೀ ಡಬ್ಬಕ್ಕೆ ಅವನು ಹೇಳಿದ್ದರ ಹತ್ತರಷ್ಟು ಕೊಡ್ತೀನಿ ಅಂತಾನೆ! ಏನಪ್ಪಾ, ಅದರಲ್ಲಿ ಚಿನ್ನಗಿನ್ನ ಇದೆಯಾ? ಇಲ್ಲ ಹುಡುಗ ಏನಾದ್ರೂ ಮೋಸ ಮಾಡ್ತಿದ್ದಾನಾ?’

ಮೋಸ ಅಲ್ಲ ಅಮ್ಮಾ, ಆತ ಕೇಳಿದ್ದು ಸರಿಯಾದ ವಸ್ತುವನ್ನೇ ಅಂದೆ. ಆದರೆ ಯಾಕೆ ಅಂತ ಎರಡು ಹಾಡಿನ ನಡುವೆ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಈ ಸಲದ ಪುಟವನ್ನು ಅದಕ್ಕೆ ಮೀಸಲಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದೊಂದು ಇರಬಹುದು!

ಏನದು ಆ ತುಂಡು?

ಆ ‘ಕಪ್ಪು ಇಟ್ಟಿಗೆ’ ಸೋನಿ ಕಂಪನಿಯ ಪ್ಲೇಸ್ಟೇಷನ್ 2. ಜಪಾನಿನಲ್ಲಿ ಇದು ಮಾರಾಟಕ್ಕೆ ಬಂದದ್ದು 2000ದ ಮಾರ್ಚ್ 4ರಂದು. ಟಿವಿಗೆ ಸಿಕ್ಕಿಸಿ, ಡಿಸ್ಕ್ ಹಾಕಿ ಆಡುವ ಪೆಟ್ಟಿಗೆ. ಇಂಥ ಪೆಟ್ಟಿಗೆಗಳಿಗೆ ಕನ್ಸೋಲ್ ಎಂದು ಹೆಸರು. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಈ ಕನ್ಸೋಲ್‌ಗೆ ಮೊದಲ ವರ್ಷಗಳಲ್ಲಿ ಒಂದು ಕೊರತೆ ಇತ್ತು. ಇಂಟರ್‌ನೆಟ್‌ಗೆ ಜೋಡಿಸುವ ಕಿಂಡಿಯೇ ಅದರಲ್ಲಿರಲಿಲ್ಲ.

ಬೇಕಾದವರು ಬೇರೆ ದುಡ್ಡು ಕೊಟ್ಟು ‘ನೆಟ್‌ವರ್ಕ್ ಅಡಾಪ್ಟರ್’ ಎಂಬ ತುಂಡನ್ನು ಕೊಂಡು, ಕನ್ಸೋಲ್‌ನ ಬೆನ್ನಿನಲ್ಲಿದ್ದ ಗೂಡಿಗೆ ಕೂರಿಸಿ, ಎರಡು ದಪ್ಪ ಸ್ಕ್ರೂಗಳನ್ನು ಬಿಗಿ ಮಾಡಬೇಕಿತ್ತು. ಅಮೆರಿಕದಲ್ಲಿ ಇದು 2002ರ ಆಗಸ್ಟ್‌ನಲ್ಲಿ ಬಂತು, ಬೆಲೆ ಸುಮಾರು 40 ಡಾಲರ್. ಅಲ್ಲಿಯದರಲ್ಲಿ ಟೆಲಿಫೋನ್ ತಂತಿಗೆ ಒಂದು ಕಿಂಡಿ, ಬ್ರಾಡ್‌ಬ್ಯಾಂಡಿನ ಲ್ಯಾನ್ ತಂತಿಗೆ ಇನ್ನೊಂದು ಕಿಂಡಿ. ಬೇರೆ ದೇಶಗಳಿಗೆ ಬರೀ ಲ್ಯಾನ್ ಕಿಂಡಿ ಇರುವುದನ್ನೂ ತಯಾರಿಸಿದರು.

ಹೊರಗಿನಿಂದ ಕಾಣುವುದು ಇಷ್ಟೇ. ಸ್ಕ್ರೂ ಬಿಚ್ಚಿ ಒಳಮುಖ ತಿರುಗಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಳೆಯ ಕಂಪ್ಯೂಟರ್‌ಗಳಲ್ಲಿದ್ದಂಥ ಹಾರ್ಡ್ ಡಿಸ್ಕ್ ಜೋಡಿಸುವ ಅಗಲವಾದ ಕನೆಕ್ಟರ್! ಅಂದರೆ ಒಂದೇ ತುಂಡಿಗೆ ಎರಡು ಕೆಲಸ. ಹೊರಮುಖದಿಂದ ನೆಟ್‌ವರ್ಕ್, ಒಳಮುಖದಿಂದ ಹಾರ್ಡ್ ಡಿಸ್ಕ್. ಈ ಎರಡನೇ ಕೆಲಸವೇ ಇಂದಿನ ಬೇಡಿಕೆಗೆ ಮುಖ್ಯ ಕಾರಣ, ಅದನ್ನು ನೆನಪಿಟ್ಟುಕೊಳ್ಳಿ.

2004ರಲ್ಲಿ ಸೋನಿ ತೆಳ್ಳನೆಯ ಪ್ಲೇಸ್ಟೇಷನ್ 2 ತಂದಿತು. ಅದರ ಮೈಯಲ್ಲೇ ಲ್ಯಾನ್ ಕಿಂಡಿ ಇತ್ತು, ಆದರೆ ಹಾರ್ಡ್ ಡಿಸ್ಕ್ ಇಡುವ ಗೂಡು ಮಾಯವಾಯಿತು. ಬೇರೆ ಅಡಾಪ್ಟರ್‌ನ ಅಗತ್ಯವೂ ಹೋಯಿತು. 2013ರ ಜನವರಿಯ ಹೊತ್ತಿಗೆ ಪ್ಲೇಸ್ಟೇಷನ್ 2ರ ತಯಾರಿಕೆಯೇ ಪೂರ್ತಿ ನಿಂತಿತು.

ಫೋನ್ ತಂತಿಯ ಕಾಲ

ದನಿಯ ಕೆಲಸ ಮಾಡುವವರಿಗೆ ದನಿಗಳೇ ನೆನಪಿರುವುದು. ಡಯಲ್-ಅಪ್ ಮೋಡೆಮ್‌ನ ಆ ಸದ್ದು ನೆನಪಿದೆಯೇ? ಮೊದಲು ಟಕಟಕ ನಂಬರ್ ಒತ್ತಿದ ಸದ್ದು, ಆಮೇಲೆ ಸಿಳ್ಳೆ, ಆಮೇಲೆ ತಗಡಿನ ಮೇಲೆ ಮರಳು ಉಜ್ಜಿದಂಥ ಕಿರಿಕಿರಿ. ಅದು ಬರಿಯ ಗದ್ದಲವಾಗಿರಲಿಲ್ಲ. ಎರಡು ಯಂತ್ರಗಳು ‘ನೀನು ಎಷ್ಟು ವೇಗದಲ್ಲಿ ಮಾತಾಡಬಲ್ಲೆ?’ ಎಂದು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಕನ್ಸೋಲ್‌ಗಳೂ ಹೀಗೇ ಫೋನ್ ಮಾಡುತ್ತಿದ್ದವು. ಸೆಗಾ ಕಂಪನಿ 1996ರಲ್ಲಿ ತನ್ನ ಸ್ಯಾಟರ್ನ್ ಕನ್ಸೋಲ್‌ಗೆ ‘ನೆಟ್‌ಲಿಂಕ್’ ಎಂಬ ಮೋಡೆಮ್ ತಂದಿತು. ಅದರ ಆಟಗಳಲ್ಲಿ ಒಂದು ಕನ್ಸೋಲ್ ನೇರವಾಗಿ ಇನ್ನೊಂದು ಕನ್ಸೋಲ್‌ಗೆ ಫೋನ್ ಮಾಡುತ್ತಿತ್ತು, ನಡುವೆ ಕಂಪನಿಯ ಸರ್ವರ್ ಬೇಕಾಗಿರಲಿಲ್ಲ. ಹಾಗಾಗಿ ಕಂಪನಿ ಕೈಬಿಟ್ಟರೂ ಅದು ಸಾಯಲಿಲ್ಲ. ಇಬ್ಬರ ಹತ್ತಿರ ಎರಡು ನೆಟ್‌ಲಿಂಕ್, ನಡುವೆ ಒಂದು ಸರಿಯಾದ ಫೋನ್ ಲೈನು ಇದ್ದರೆ ಇವತ್ತಿಗೂ ಆಡಬಹುದು.

1998ರಲ್ಲಿ ಸೆಗಾ ತಂದ ಡ್ರೀಮ್‌ಕ್ಯಾಸ್ಟ್ ಮೋಡೆಮ್ ಜೊತೆಗೇ ಮನೆಗೆ ಬರುತ್ತಿತ್ತು. ವೇಗ ಬೇಕಾದವರು ಪಕ್ಕದಲ್ಲಿದ್ದ ಆ ಮೋಡೆಮ್ ಕಿತ್ತು ‘ಬ್ರಾಡ್‌ಬ್ಯಾಂಡ್ ಅಡಾಪ್ಟರ್’ ಕೂರಿಸಬಹುದಿತ್ತು. ಅಮೆರಿಕದಲ್ಲಿ ಆ ಅಡಾಪ್ಟರ್ ಅಂಗಡಿಗೆ ಬಂದದ್ದು 2001ರ ಜನವರಿಯಲ್ಲಿ. ಅದೇ ತಿಂಗಳ 31ರಂದು ಸೆಗಾ, ‘ಡ್ರೀಮ್‌ಕ್ಯಾಸ್ಟ್ ತಯಾರಿಕೆ ನಿಲ್ಲಿಸುತ್ತೇವೆ’ ಎಂದು ಘೋಷಿಸಿಬಿಟ್ಟಿತು! ಹೊಸಿಲು ದಾಟುವ ಮೊದಲೇ ತೌರಿನ ಬಾಗಿಲು ಮುಚ್ಚಿದ ಹಾಗೆ. ಇನ್ನು ಮಾರಾಟವಾಗುವುದು ಎಷ್ಟು, ಉಳಿಯುವುದು ಎಷ್ಟು?

ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಕಥೆಯೂ ಹೀಗೇ. 2001ರಲ್ಲಿ ಬಂದ ಆ ಪುಟ್ಟ ಪೆಟ್ಟಿಗೆಯ ತಳದಲ್ಲಿ ಅಡಾಪ್ಟರ್‌ಗೆಂದೇ ಕಿಂಡಿ ಇತ್ತು. ಆದರೆ ಅದನ್ನು ಬಳಸಿಕೊಂಡ ಆಟಗಳನ್ನು ಬೆರಳಲ್ಲಿ ಎಣಿಸಬಹುದು. ಇಂಟರ್‌ನೆಟ್‌ನಲ್ಲಿ ಆಡಲು ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಸರಣಿ, ಮನೆಯಲ್ಲೇ ಹಲವು ಕನ್ಸೋಲ್ ಜೋಡಿಸಿ ಆಡಲು ಮಾರಿಯೋ ಕಾರ್ಟ್ ಡಬಲ್ ಡ್ಯಾಶ್, ಕಿರ್ಬಿ ಏರ್ ರೈಡ್‌ನಂಥ ಮೂರ್ನಾಲ್ಕು. ಮಾರಿಯೋ ಕಾರ್ಟ್‌ನಲ್ಲಿ ಎಂಟು ಕನ್ಸೋಲ್ ಜೋಡಿಸಿ 16 ಜನ ಒಟ್ಟಿಗೆ ಆಡಬಹುದಿತ್ತು. ಎಂಟು ಪೆಟ್ಟಿಗೆ, ಎಂಟು ಟಿವಿ ಒಂದೇ ಮನೆಯಲ್ಲಿ ಯಾರ ಹತ್ತಿರ ಇತ್ತು ಹೇಳಿ!

ಆಗ ಬೇಡದ್ದು ಈಗ ಯಾಕೆ ಬೇಕು?

ಇಲ್ಲಿದೆ ನೋಡಿ ನಿಜವಾದ ಸ್ವಾರಸ್ಯ. ಬೇಡಿಕೆಗೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ತಯಾರಾದದ್ದೇ ಕಡಿಮೆ. ಕನ್ಸೋಲ್ ಕೊಂಡವರಲ್ಲಿ ಅಡಾಪ್ಟರ್ ಕೊಂಡವರು ಸಣ್ಣ ಪಾಲು. ಡ್ರೀಮ್‌ಕ್ಯಾಸ್ಟ್, ಗೇಮ್‌ಕ್ಯೂಬ್‌ಗಳ ವಿಷಯದಲ್ಲಿ ಈಗ ಅಡಾಪ್ಟರ್‌ನ ಬೆಲೆ ಕನ್ಸೋಲ್‌ನ ಬೆಲೆಯನ್ನೇ ಮೀರುವುದುಂಟು. ಎತ್ತಿಗಿಂತ ಮೂಗುದಾರ ದುಬಾರಿ!

ಎರಡನೆಯದು, ಬೇರೆ ಯಾವುದೂ ಅದರ ಜಾಗಕ್ಕೆ ಹೊಂದುವುದಿಲ್ಲ. ಕಂಪ್ಯೂಟರ್‌ಗಾದರೆ ಯಾವ ನೆಟ್‌ವರ್ಕ್ ಕಾರ್ಡ್ ಹಾಕಿದರೂ ಅದರ ಡ್ರೈವರ್ ತಂತ್ರಾಂಶ ಸೇರಿಸಿಕೊಂಡರೆ ಆಯಿತು. ಡ್ರೀಮ್‌ಕ್ಯಾಸ್ಟ್ ಕಾಲದಲ್ಲಿ ನೆಟ್‌ವರ್ಕ್ ಜೊತೆ ಮಾತಾಡುವ ತಂತ್ರಾಂಶ ಆಟದ ಡಿಸ್ಕಿನಲ್ಲೇ ಇರುತ್ತಿತ್ತು. ಆ ಡಿಸ್ಕ್ ಒತ್ತಿದ ದಿನ ಯಾವ ಚಿಪ್ಪನ್ನು ಅದಕ್ಕೆ ಪರಿಚಯ ಮಾಡಿಸಿದ್ದರೋ, ಅದನ್ನು ಮಾತ್ರ ಅದು ಗುರುತಿಸುತ್ತದೆ. ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಇಂದಿನ ಲ್ಯಾನ್ ಕಾರ್ಡ್ ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಅಪರಿಚಿತ. ಮೋಡೆಮ್ ಮಾತ್ರ ಬಲ್ಲ ಆಟಕ್ಕೆ ಸೆಗಾದ್ದೇ ಬ್ರಾಡ್‌ಬ್ಯಾಂಡ್ ಅಡಾಪ್ಟರ್ ಕೂಡ ಅಪರಿಚಿತ!

ಮೂರನೆಯದು, ತಯಾರಕರು ಊಹಿಸದ ಉಪಯೋಗಗಳು. ಡಿಸ್ಕ್ ಓದುವ ಕನ್ಸೋಲ್‌ಗಳಲ್ಲಿ ಮೊದಲು ಕೈಕೊಡುವುದು ಲೆನ್ಸ್. ವಯಸ್ಸಾದಂತೆ ಅದರ ಲೇಸರ್ ಮಂದವಾಗುತ್ತದೆ, ಡಿಸ್ಕ್ ಹಾಕಿದರೆ ‘ಓದಲಾಗುತ್ತಿಲ್ಲ’ ಎನ್ನುತ್ತದೆ. ಹವ್ಯಾಸಿಗಳು ಇದಕ್ಕೆ ದಾರಿ ಹುಡುಕಿದರು. ಪ್ಲೇಸ್ಟೇಷನ್ 2ರ ಅಡಾಪ್ಟರ್‌ಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ತಮ್ಮ ಆಟಗಳನ್ನು ಅದರಲ್ಲಿಟ್ಟು, ಲೆನ್ಸ್‌ನ ಹಂಗಿಲ್ಲದೆ ಓಡಿಸತೊಡಗಿದರು. ‘ಓಪನ್ ಪಿಎಸ್2 ಲೋಡರ್’ ಎಂಬ ಉಚಿತ ತಂತ್ರಾಂಶ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲ್ಯಾನ್ ತಂತಿಯ ಮೂಲಕ ಪಕ್ಕದ ಕೋಣೆಯ ಕಂಪ್ಯೂಟರ್‌ನಿಂದಲೇ ಆಟವನ್ನು ಎಳೆದುಕೊಳ್ಳುವಂತೆ ಮಾಡಿತು. ಗೇಮ್‌ಕ್ಯೂಬ್‌ನಲ್ಲೂ ಹಾಗೇ. ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಆಟದಲ್ಲಿದ್ದ ಒಂದು ಲೋಪವನ್ನು ಹಿಡಿದು, ಅಡಾಪ್ಟರ್ ಮೂಲಕ ತಾವೇ ಬರೆದ ಪ್ರೋಗ್ರಾಮ್‌ಗಳನ್ನು ಕನ್ಸೋಲ್‌ಗೆ ಕಳಿಸಿ ನಡೆಸಿದರು. ನೆಟ್‌ವರ್ಕ್ ಆಟ ಆಡದವರಿಗೂ ಅಡಾಪ್ಟರ್ ಬೇಕಾದದ್ದು ಹೀಗೆ.

ನಾಲ್ಕನೆಯದು, ನಿಂತ ಸರ್ವರ್‌ಗಳನ್ನು ಅಭಿಮಾನಿಗಳು ಮತ್ತೆ ಎಬ್ಬಿಸುತ್ತಿದ್ದಾರೆ. ಆನ್‌ಲೈನ್ ಆಟಕ್ಕೆ ಎರಡು ದಡ. ಒಂದು ನಿಮ್ಮ ಕನ್ಸೋಲ್, ಇನ್ನೊಂದು ಕಂಪನಿಯ ಸರ್ವರ್. ಪ್ಲೇಸ್ಟೇಷನ್ 2ರ ಫೈನಲ್ ಫ್ಯಾಂಟಸಿ 11 ಆಟದ ಸರ್ವರ್ ಸೇವೆ 2016ರ ಮಾರ್ಚ್ 31ರಂದು ನಿಂತಿತು. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್‌ನದು ನಿಂತದ್ದು 2010ರ ಏಪ್ರಿಲ್ 15ರಂದು. ಕನ್ಸೋಲ್ ಸರಿ ಇದ್ದರೂ ಆಚೆ ದಡದಲ್ಲಿ ಯಾರೂ ಇಲ್ಲ. ಅಭಿಮಾನಿಗಳು ಹಳೆಯ ಆಟಗಳು ಸರ್ವರ್ ಜೊತೆ ಏನು ಮಾತಾಡುತ್ತಿದ್ದವೆಂದು ಅಕ್ಷರ ಅಕ್ಷರವಾಗಿ ಪರೀಕ್ಷಿಸಿ, ಅದೇ ಉತ್ತರ ಕೊಡುವ ಹೊಸ ಸರ್ವರ್ ಕಟ್ಟಿದ್ದಾರೆ. ಮೊದಲ ಎಕ್ಸ್‌ಬಾಕ್ಸ್‌ಗೆ 2022ರಲ್ಲಿ ಶುರುವಾದ ‘ಇನ್‌ಸಿಗ್ನಿಯಾ’ ಅಂಥದ್ದೊಂದು. ಆಚೆ ದಡ ಎದ್ದು ನಿಂತ ಕೂಡಲೇ ಈಚೆ ದಡದ ಅಡಾಪ್ಟರ್‌ಗೆ ಮತ್ತೆ ಜೀವ!

ಹೌಜ್ ಖಾಸ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೆಸರಿನ ಅರ್ಥವೇ ರಾಜರ ಕೆರೆ. ಅಲ್ಲಾವುದ್ದೀನ್ ಖಿಲ್ಜಿ ಸಿರಿ ಕೋಟೆಯ ಜನರಿಗಾಗಿ ತೋಡಿಸಿದ ಕೆರೆ ಮುಂದೆ ಹೂಳು ತುಂಬಿ ಬತ್ತಿತು. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅದರ ಹೂಳೆತ್ತಿಸಿ, ದಡದಲ್ಲಿ ಮದರಸಾ ಕಟ್ಟಿಸಿದ. ತೋಡಿದವರೇ ಹೂಳೆತ್ತಬೇಕು ಅಂತ ಎಲ್ಲಿದೆ?

ಹವ್ಯಾಸಿಗಳು ಅಂದರೆ ಕೆಲಸವಿಲ್ಲದವರು ಎಂಬ ತಾತ್ಸಾರವೂ ಬೇಡ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಸ್ವಂತ ಆಸಕ್ತಿಯಿಂದ, ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ ಹೆಸರು. ರೇಡಿಯೋದವರಾದ ನಾವು ಹವ್ಯಾಸಿಗಳನ್ನು ನೋಡಿ ನಗುವ ಹಾಗೆಯೇ ಇಲ್ಲ.

ನಮ್ಮಲ್ಲಿ ಯಾಕೆ ಇನ್ನೂ ಅಪರೂಪ?

ಈ ಅಡಾಪ್ಟರ್‌ಗಳು ಹೊರದೇಶದಲ್ಲಿ ಮಾರಾಟವಾಗುತ್ತಿದ್ದಾಗ ನಮ್ಮ ಸ್ಥಿತಿ ಹೇಗಿತ್ತು? ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅಲ್ಲಿಂದ ಎಷ್ಟೋ ವರ್ಷ ಮನೆಗಳಲ್ಲಿ ಡಯಲ್-ಅಪ್‌ನದೇ ರಾಜ್ಯ. ನಿಮಿಷಕ್ಕೆ ಇಷ್ಟು ಎಂದು ಫೋನ್ ಬಿಲ್ಲು, ಇಂಟರ್‌ನೆಟ್ ಹಾಕಿದರೆ ಊರಿನಿಂದ ಬರುವ ಫೋನ್ ಬಂದ್. ‘ಅಜ್ಜಿ ಫೋನ್ ಮಾಡ್ತಾರೆ, ಆಫ್ ಮಾಡೋ!’ ಎಂಬ ಕೂಗು ಎಲ್ಲರ ಮನೆಯಲ್ಲೂ ಕೇಳಿದ್ದೇ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ದೆಹಲಿಯ ಮನೆಗಳಿಗೆ ಎಂಟಿಎನ್‌ಎಲ್‌ನ ಟ್ರೈಬ್ಯಾಂಡ್ ಬಂದದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಡ್ರೀಮ್‌ಕ್ಯಾಸ್ಟ್ ಸತ್ತು ನಾಲ್ಕು ವರ್ಷ, ಪ್ಲೇಸ್ಟೇಷನ್ 2 ತೆಳ್ಳಗಾಗಿ ಒಂದು ವರ್ಷ!

ಹಾಗಾಗಿ ಇಲ್ಲಿ ಕನ್ಸೋಲ್ ಕೊಂಡವರು ಅಡಾಪ್ಟರ್ ಕೊಳ್ಳುವ ಗೋಜಿಗೆ ಹೋಗಲಿಲ್ಲ. ನಮ್ಮ ದೇಶದಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಚಿಕ್ಕಪ್ಪ, ದುಬೈ ಭಾವ ಇಂಥವರ ಸೂಟ್‌ಕೇಸಿನಲ್ಲಿ ಬಂದವು. ನಮ್ಮ ಹೌಜ್ ಖಾಸ್ ತಾಯಿಯವರದೂ ಲಂಡನ್ನಿನ ತಮ್ಮ ತಂದುಕೊಟ್ಟದ್ದಂತೆ.

ಹುಡುಕುವವರಿಗೆ ದೆಹಲಿಯಲ್ಲಿ ಎರಡು ದಾರಿ, ಎರಡೂ ಹೌಜ್ ಖಾಸ್ ಮೆಟ್ರೋದಿಂದಲೇ ಹೊರಡುತ್ತವೆ. ಹಳದಿ ಲೈನ್ ಹಿಡಿದು ರಾಜೀವ್ ಚೌಕ್‌ನಲ್ಲಿ ಇಳಿದರೆ ನೆಲದಡಿಯ ಪಾಲಿಕಾ ಬಜಾರ್. ಮೆಜೆಂಟಾ ಲೈನ್ ಹಿಡಿದು ನೆಹರೂ ಎನ್‌ಕ್ಲೇವ್‌ನಲ್ಲಿ ಇಳಿದರೆ ನೆಹರೂ ಪ್ಲೇಸ್. ಪಾಲಿಕಾದಲ್ಲಿ ಹಳೆಯ ಕನ್ಸೋಲ್ ಬಲ್ಲವರಿದ್ದಾರೆ, ನೆಹರೂ ಪ್ಲೇಸ್‌ನಲ್ಲಿ ಕೇಬಲ್ಲು, ಹಾರ್ಡ್ ಡಿಸ್ಕು, ರಿಪೇರಿಯವರು. ಬೆಂಗಳೂರಿನ ಎಸ್.ಪಿ. ರೋಡ್ ಕಂಡವರಿಗೆ ಈ ವಾತಾವರಣ ಹೊಸದೇನಲ್ಲ.

ನಾನು ಟೋಪಿ ಹಾಕಿಸಿಕೊಂಡದ್ದು

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬಹುದು. ಓದಿದ್ದು ಕನ್ನಡ ಬಿ.ಎ., ಆದರೆ ಪೆಟ್ಟು ತಿಂದು ಕಲಿತದ್ದು ಮರೆಯುವುದಿಲ್ಲ ನೋಡಿ. ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಪ್ಪನ ಮಗ ಮೈಸೂರಿನಿಂದ ತನ್ನ ದಪ್ಪ ಪ್ಲೇಸ್ಟೇಷನ್ 2 ನನಗೆ ಕಳಿಸಿದ. ಲೆನ್ಸ್ ಹೋಗಿತ್ತು. ನೆಟ್‌ವರ್ಕ್ ಮೂಲಕ ಓಡಿಸೋಣ ಎಂದು ಅಡಾಪ್ಟರ್ ಹುಡುಕಿ ಹೊರಟೆ. ಒಂದು ಅಂಗಡಿಯಲ್ಲಿ, ಹೆಸರು ಬೇಡ, ‘ಹೊಸ ಪೀಸು ಸಾಬ್, ಸೀಲ್ ಪ್ಯಾಕ್’ ಅಂದ. ಹಳೆಯದು ಹುಡುಕಿ ಬಂದವನಿಗೆ ಹೊಸದೇ ಸಿಕ್ಕಿತಲ್ಲ ಎಂದು ಹಿಗ್ಗಿ, ತಿರುಗಿಸಿಯೂ ನೋಡದೆ ದುಡ್ಡು ಕೊಟ್ಟೆ.

ಮನೆಗೆ ಬಂದು ಲ್ಯಾನ್ ತಂತಿ ಹಿಡಿದು ನೋಡುತ್ತೇನೆ, ಸಿಕ್ಕಿಸಲು ಕಿಂಡಿಯೇ ಇಲ್ಲ! ಅದು ಹಾರ್ಡ್ ಡಿಸ್ಕ್ ಜೋಡಿಸುವುದಕ್ಕೆ ಮಾತ್ರ ಬೇರೆಯವರು ಮಾಡಿದ ಅಗ್ಗದ ತುಂಡು. ನೆಟ್‌ವರ್ಕ್ ಎಂಬ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಮರುದಿನ ಹೋದರೆ, ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಗೋಡೆಯ ಬೋರ್ಡಿನ ಕಡೆಗೆ ಬೆರಳು ತೋರಿಸಿದ. ತಪ್ಪು ಅರ್ಧ ಅವನದು, ಅರ್ಧ ನನ್ನದು. ನೀವು ಆ ಅರ್ಧವನ್ನೂ ಮಾಡಬೇಡಿ.

ಕೊಳ್ಳುವ ಮುನ್ನ ಇದನ್ನು ನೋಡಿ

ಒಂದು: ನಿಮ್ಮ ಕನ್ಸೋಲ್ ಯಾವುದು? ಪ್ಲೇಸ್ಟೇಷನ್ 2 ದಪ್ಪ ಮಾದರಿಗೆ ಮಾತ್ರ ಈ ಅಡಾಪ್ಟರ್. ಅದರಲ್ಲೂ ಜಪಾನಿನ ಮೊದಮೊದಲ ಮಾದರಿಗಳಿಗೆ ಬೆನ್ನಲ್ಲಿ ಗೂಡು ಇಲ್ಲ. ಮಾದರಿ ಸಂಖ್ಯೆ 30000 ಅಥವಾ ಮೇಲಿನದಾದ ದಪ್ಪ ಪೆಟ್ಟಿಗೆಯಾದರೆ ನಿಶ್ಚಿಂತೆ.

ಎರಡು: ಅಡಾಪ್ಟರ್ ಮೇಲೆ ಸೋನಿ ಹೆಸರು, ಎಸ್‌ಸಿಪಿಎಚ್-10281 ಅಥವಾ ಎಸ್‌ಸಿಪಿಎಚ್-10350 ಎಂಬ ಸಂಖ್ಯೆ ಇದೆಯೇ ನೋಡಿ. ಮೊದಲನೆಯದರಲ್ಲಿ ಫೋನ್ ಕಿಂಡಿಯೂ ಇರುತ್ತದೆ, ಎರಡನೆಯದರಲ್ಲಿ ಲ್ಯಾನ್ ಕಿಂಡಿ ಮಾತ್ರ. ಎರಡೂ ಆಗುತ್ತದೆ.

ಮೂರು: ಲ್ಯಾನ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗಿನ ಚಿನ್ನದ ಬಣ್ಣದ ಎಳೆಗಳು ನೇರವಾಗಿರಬೇಕು. ಒಳಮುಖದ ಹಾರ್ಡ್ ಡಿಸ್ಕ್ ಕನೆಕ್ಟರ್‌ನಲ್ಲಿ ಪಿನ್ನು ಬಾಗಿರಬಾರದು, ಹಸಿರು ಕಿಲುಬು ಹಿಡಿದಿರಬಾರದು.

ನಾಲ್ಕು: ಎರಡು ಸ್ಕ್ರೂ ಇವೆಯೇ? ಇದನ್ನು ಎಲ್ಲರೂ ಮರೆಯುತ್ತಾರೆ. ಸ್ಕ್ರೂ ಬಿಗಿಯಾಗಿರದಿದ್ದರೆ ಅಡಾಪ್ಟರ್ ಸಡಿಲವಾಗಿ, ಆಟ ನಡುವೆ ನಿಂತುಬಿಡುತ್ತದೆ. ಕಳೆದರೆ ಅಂಥವೇ ಸಿಗುವುದು ಕಷ್ಟ.

ಐದು: ಸಾಧ್ಯವಾದರೆ ನಿಮ್ಮ ಕನ್ಸೋಲ್ ಹೊತ್ತುಕೊಂಡೇ ಹೋಗಿ, ಅಂಗಡಿಯಲ್ಲೇ ಹಾಕಿಸಿ ನೋಡಿ. ನಗುತ್ತಾರೆ, ನಗಲಿ.

ಇನ್ನೊಂದು ಮಾತು. ಕಂಪ್ಯೂಟರ್‌ನಿಂದ ಆಟ ಎಳೆಯುವ ಈ ಹಳೆಯ ವಿಧಾನ ‘ಎಸ್‌ಎಂಬಿ 1’ ಎಂಬ ಹಳೆಯ ಭಾಷೆಯನ್ನು ಬಳಸುತ್ತದೆ. ಅದು ಸುರಕ್ಷಿತವಲ್ಲವೆಂದು ಹೊಸ ವಿಂಡೋಸ್‌ಗಳು ಅದನ್ನು ಮುಚ್ಚಿಟ್ಟಿರುತ್ತವೆ. ಕೆಲಸದ ಕಂಪ್ಯೂಟರ್‌ನಲ್ಲಿ ಅದನ್ನು ತೆರೆಯಬೇಡಿ. ಬ್ಯಾಂಕು, ಆಫೀಸು ಎಂದು ಏನೂ ಇಲ್ಲದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಅದಕ್ಕೇ ಇಟ್ಟುಕೊಳ್ಳಿ. ಆಟಗಳೂ ನೀವು ದುಡ್ಡು ಕೊಟ್ಟು ಕೊಂಡ ಡಿಸ್ಕ್‌ನವೇ ಆಗಿರಲಿ. ಕದ್ದ ಪ್ರತಿ ಬೇಡ.

ಸಿಗಲೇ ಇಲ್ಲ ಅಂದರೆ?

ಬೇಸರ ಬೇಡ, ಬದಲಿ ದಾರಿಗಳಿವೆ. ಡ್ರೀಮ್‌ಕ್ಯಾಸ್ಟ್‌ಗಂತೂ ನನಗೆ ತುಂಬ ಇಷ್ಟವಾದ ಉಪಾಯ ‘ಡ್ರೀಮ್‌ಪೈ’. ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್‌ಗೆ ಒಂದು ಯುಎಸ್‌ಬಿ ಮೋಡೆಮ್ ಸಿಕ್ಕಿಸಿ, ಅಲ್ಲಿಂದ ಕನ್ಸೋಲ್‌ನ ಮೂಲ ಮೋಡೆಮ್‌ಗೆ ಫೋನ್ ತಂತಿ ಎಳೆಯುತ್ತಾರೆ. ಪೈ ಟೆಲಿಫೋನ್ ಎಕ್ಸ್‌ಚೇಂಜಿನ ವೇಷ ಹಾಕಿ ಡಯಲ್ ಟೋನ್ ಕೇಳಿಸುತ್ತದೆ. ಪಾಪ ಕನ್ಸೋಲು 2000ದ ಇಸವಿಯಲ್ಲೇ ಇದ್ದೇನೆಂದು ನಂಬಿ ನಂಬರ್ ಒತ್ತುತ್ತದೆ. ಪೈ ಫೋನ್ ಎತ್ತಿಕೊಂಡು ನಿಮ್ಮ ಮನೆಯ ಇಂಟರ್‌ನೆಟ್‌ಗೆ ಸೇರಿಸುತ್ತದೆ. ಆ ಕಿರಿಕಿರಿ ಸದ್ದೂ ಉಚಿತ!

ಗೇಮ್‌ಕ್ಯೂಬ್‌ಗೆ ಹವ್ಯಾಸಿಗಳು ಅಗ್ಗದ ನೆಟ್‌ವರ್ಕ್ ಚಿಪ್ ಬಳಸಿ, ಮೆಮೊರಿ ಕಾರ್ಡ್ ಕಿಂಡಿಗೆ ಕೂರುವ ಪುಟ್ಟ ಅಡಾಪ್ಟರ್ ಮಾಡಿದ್ದಾರೆ. ಅದು ಹವ್ಯಾಸಿಗಳ ತಂತ್ರಾಂಶದ ಜೊತೆಗೇ ಕೆಲಸ ಮಾಡುವಂಥದ್ದು. ಪ್ಲೇಸ್ಟೇಷನ್ 2ಕ್ಕೆ ಹಾರ್ಡ್ ಡಿಸ್ಕ್ ಬದಲು, ಮೆಮೊರಿ ಕಾರ್ಡ್ ಜಾಗದಲ್ಲಿ ಮೊಬೈಲಿನ ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಅಡಾಪ್ಟರ್ ಬಂದಿದೆ. ನೆಟ್‌ವರ್ಕ್ ಬೇಡ, ಲೆನ್ಸ್ ಹೋಗಿದೆ ಅಷ್ಟೇ ಅನ್ನುವವರಿಗೆ ಅದೇ ಸಾಕು.

ನಮ್ಮ ದೇಶದಲ್ಲಿ 2006ರ ಸೆಪ್ಟೆಂಬರ್‌ನಲ್ಲಿ ಬಂದ ಎಕ್ಸ್‌ಬಾಕ್ಸ್ 360 ಹಲವರ ಮನೆಯಲ್ಲಿದೆ. 2010ರ ತೆಳ್ಳನೆಯ ಮಾದರಿಗಿಂತ ಮುಂಚಿನವುಗಳಲ್ಲಿ ವೈ-ಫೈ ಇಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಮಾಡುತ್ತಿದ್ದ ವೈರ್‌ಲೆಸ್ ಅಡಾಪ್ಟರ್‌ಗಾಗಿ ಜನ ಇನ್ನೂ ಹುಡುಕಾಡುತ್ತಾರೆ. ಅದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಕನ್ಸೋಲ್‌ನ ಹಿಂದೆ ಲ್ಯಾನ್ ಕಿಂಡಿ ಇದ್ದೇ ಇದೆ. ಮೂಲೆಯಲ್ಲಿ ಬಿದ್ದಿರುವ ಹಳೆಯ ವೈ-ಫೈ ರೂಟರ್‌ನಲ್ಲಿ ‘ಬ್ರಿಡ್ಜ್’ ಸೌಲಭ್ಯ ಇದ್ದರೆ, ಅದು ಗಾಳಿಯಿಂದ ಹಿಡಿದು ತಂತಿಯಲ್ಲಿ ಕೊಡುತ್ತದೆ.

ನಿಂಟೆಂಡೊ ಡಿಎಸ್ ಇರುವವರಿಗೆ ಒಂದು ಎಚ್ಚರಿಕೆ. ಮೊದಲ ಡಿಎಸ್ ಮತ್ತು ಡಿಎಸ್ ಲೈಟ್‌ಗೆ ‘ವೆಪ್’ ಎಂಬ ಹಳೆಯ ವೈ-ಫೈ ಬೀಗ ಮಾತ್ರ ಗೊತ್ತು. ಆ ಬೀಗ ಈಗ ಮಕ್ಕಳೂ ತೆಗೆಯುವಂಥದ್ದು. ಆಟಕ್ಕೋಸ್ಕರ ಇಡೀ ಮನೆಯ ವೈ-ಫೈಗೆ ಆ ಬೀಗ ಹಾಕಬೇಡಿ. ಇದಕ್ಕಾಗಿಯೇ ಕೆಲವರು ನಿಂಟೆಂಡೊ 2005ರಲ್ಲಿ ತಂದು, ಎರಡೇ ವರ್ಷಕ್ಕೆ ನಿಲ್ಲಿಸಿದ ಯುಎಸ್‌ಬಿ ಕನೆಕ್ಟರ್ ಹುಡುಕುತ್ತಾರೆ.

ಸಿಗದಿರುವವು ಎಲ್ಲಿ ಹೋದವು?

ಕಬಾಡಿಯವನ ತಕ್ಕಡಿಯಿಂದ ಮುಂದಿನ ದಾರಿ ದೆಹಲಿಯವರಿಗೆ ಗೊತ್ತಿರಬೇಕು. ಈಶಾನ್ಯ ದೆಹಲಿಯ ಸೀಲಂಪುರ ದೇಶದ ದೊಡ್ಡ ಇ-ತ್ಯಾಜ್ಯ ಒಡೆಯುವ ಜಾಗಗಳಲ್ಲಿ ಒಂದು. ಅಲ್ಲಿ ಯಾರೂ ‘ಇದು ಯಾವ ಅಡಾಪ್ಟರ್’ ಎಂದು ಕೇಳುವುದಿಲ್ಲ. ಪ್ಲಾಸ್ಟಿಕ್ ಒಂದು ರಾಶಿ, ತಾಮ್ರ ಒಂದು ರಾಶಿ, ಬೋರ್ಡ್ ಒಂದು ರಾಶಿ. ಬೋರ್ಡನ್ನು ಬಿಸಿ ಮಾಡಿ ಚಿಪ್ಪು ಕೀಳುತ್ತಾರೆ, ಕಾಸಿನಷ್ಟು ಲೋಹಕ್ಕಾಗಿ ಆಸಿಡ್‌ನಲ್ಲಿ ಅದ್ದುತ್ತಾರೆ. ಆ ಕಾಲದ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. ಬರಿಗೈಯಲ್ಲಿ ಕೆಲಸ ಮಾಡುವವರು ಆ ಹೊಗೆಯನ್ನೇ ಉಸಿರಾಡುತ್ತಾರೆ. ತಾಯಿಯವರು ಕೇಳಿದ ಹಾಗೆ ಅದರಲ್ಲಿ ಚಿನ್ನ ಇರುವುದು ನಿಜ, ಪಿನ್ನುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ. ಅದಕ್ಕಾಗಿ ಇಷ್ಟು!

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಆದರೆ ಅದಕ್ಕಿಂತ ಮೊದಲ ಹೆಜ್ಜೆ ನಮ್ಮ ಕೈಯಲ್ಲಿದೆ. ಕೆಲಸ ಮಾಡುವ ವಸ್ತುವನ್ನು ಕಸ ಅನ್ನುವ ಮೊದಲು, ಅದು ಬೇಕಾದವರು ಇದ್ದಾರೆಯೇ ಎಂದು ಒಂದು ಮಾತು ಕೇಳುವುದು.

ಮತ್ತೆ ಹೌಜ್ ಖಾಸ್‌ಗೆ

ಇಷ್ಟನ್ನು ಮನೆಗೇ ಹೋಗಿ ವಿವರಿಸಿದೆ. ತಾಯಿಯವರು ಕಾಫಿ ಕೊಟ್ಟು, ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದು ಮಾತು ಹೇಳಿದರು.

‘ಇಬ್ಬರೂ ಮಕ್ಕಳದ್ದೂ ಒಂದೊಂದಿತ್ತಪ್ಪಾ. ದೊಡ್ಡವನದು ಈ ದಪ್ಪದ್ದು, ಚಿಕ್ಕವನದು ತೆಳ್ಳಂದು. ಈ ಕಿಟಕಿಯಿಂದ ಆ ಕಿಟಕಿಗೆ ಒಂದು ವೈರ್ ಎಳೆದುಕೊಂಡಿದ್ರು. ಆ ರೂಮಲ್ಲಿ ಒಬ್ಬ, ಈ ರೂಮಲ್ಲಿ ಒಬ್ಬ ಕೂತು ಕಾರ್ ರೇಸು. ರಾತ್ರಿ ಎರಡು ಗಂಟೆ ಆದ್ರೂ ಕೂಗಾಟ. ಇವರಪ್ಪ ಮೇನ್ ಸ್ವಿಚ್ಚೇ ಆರಿಸ್ತಿದ್ರು.’

ಕಾರ್ ರೇಸು ಅಂದರೆ ಗ್ರಾನ್ ಟುರಿಸ್ಮೊ 4. ಡಿಸ್ಕ್ ಅಲ್ಲೇ ಡಬ್ಬದಲ್ಲಿತ್ತು. ಲ್ಯಾನ್ ತಂತಿಯಲ್ಲಿ ಕನ್ಸೋಲ್‌ಗಳನ್ನು ಜೋಡಿಸಿ ಓಡಿಸುವ ಸೌಲಭ್ಯ ಅದರಲ್ಲಿದೆ, ಇಂಟರ್‌ನೆಟ್ ಬೇಕಿಲ್ಲ.

‘ಯಜಮಾನರು ಹೋಗಿ ನಾಲ್ಕು ವರ್ಷ ಆಯ್ತು. ಈ ಮನೆ ಮಾರೋ ವಿಷಯಕ್ಕೆ ಮಾತಿಗೆ ಮಾತು ಬೆಳೀತು. ದೊಡ್ಡವನು ಟೊರಾಂಟೊದಿಂದ ನನಗೆ ಫೋನ್ ಮಾಡ್ತಾನೆ, ಚಿಕ್ಕವನು ಗುರುಗ್ರಾಮದಿಂದ ನನಗೆ ಫೋನ್ ಮಾಡ್ತಾನೆ. ಒಬ್ಬರಿಗೊಬ್ಬರು ಮಾಡಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ಮೇಲಿನ ಮನೆ ಹುಡುಗನಿಗೆ ಇಲ್ಲ ಅಂತ ಹೇಳಿಬಿಟ್ಟೆ’ ಅಂದರು.

ಹಳೆಯ ತಂತಿ ಬಿಸಿಲಿಗೆ ಪುಡಿಯಾಗಿತ್ತು. ಈಗಿನ ಮಾಮೂಲಿ ಲ್ಯಾನ್ ತಂತಿ ಇದಕ್ಕೆ ಆಗುವುದಿಲ್ಲ. ಎರಡು ಪ್ಲೇಸ್ಟೇಷನ್ 2ಗಳನ್ನು ನೇರವಾಗಿ ಜೋಡಿಸಲು ‘ಕ್ರಾಸ್’ ಕೇಬಲ್ ಬೇಕು. ಒಂದು ತುದಿಯಲ್ಲಿ ಕಿತ್ತಳೆ ಜೋಡಿ ಇರುವಲ್ಲಿ ಇನ್ನೊಂದು ತುದಿಯಲ್ಲಿ ಹಸಿರು ಜೋಡಿ ಬರಬೇಕು. ಆಗಲೇ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹೋಗುವುದು, ಇಲ್ಲದಿದ್ದರೆ ಎರಡೂ ಬಾಯಿಗೆ ಬಾಯಿ. ನೆಹರೂ ಪ್ಲೇಸ್‌ನಲ್ಲಿ ಕೇಳಿದಾಗ ಅಂಗಡಿಯವನು ‘ಇದನ್ನ ಕೇಳಿ ಎಷ್ಟು ವರ್ಷ ಆಯ್ತು’ ಎಂದು ನಗುತ್ತಾ, ಎದುರಿಗೇ ಕ್ರಿಂಪ್ ಮಾಡಿ ಕೊಟ್ಟ.

ಭಾನುವಾರ ಚಿಕ್ಕ ಮಗ ಸಾಮಾನು ಕಟ್ಟಲು ಬಂದಿದ್ದರು. ನಾನು ತಂತಿ ಕೊಡಲು ಹೋದವನು ಅಲ್ಲೇ ಇದ್ದೆ. ಕಪ್ಪು ಪೆಟ್ಟಿಗೆ ನೋಡಿ ಏನೂ ಮಾತಾಡಲಿಲ್ಲ. ಜೇಬಿನಿಂದ ಒಂದು ನಾಣ್ಯ ತೆಗೆದು, ಆ ಎರಡು ಸ್ಕ್ರೂ ತಿರುಗಿಸಿ ಅಡಾಪ್ಟರ್ ಬಿಚ್ಚಿ, ಅಂಗೈ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದರು. ಒಂದಕ್ಷರ ಬರೆಯದೆ ಅದನ್ನು ಎಲ್ಲಿಗೋ ಕಳಿಸಿದರು.

ಟೊರಾಂಟೊದಲ್ಲಿ ಆಗ ನಡುರಾತ್ರಿ ಕಳೆದಿರಬೇಕು. ಹತ್ತು ನಿಮಿಷಕ್ಕೆ ಉತ್ತರ ಬಂತು. ತಾಯಿಯವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು:

‘ಸ್ಕ್ರೂ ಕಳೀಬೇಡ.’

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ನಿಮ್ಮ ಅಟ್ಟದಲ್ಲಿ ಏನಿದೆ, ನಮಗೆ ಬರೆದು ತಿಳಿಸಿ. ಅಲ್ಲಿಯವರೆಗೆ ಕೇಳ್ತಾ ಇರಿ, ನಿಮ್ಮದೇ ಕನ್ನಡ.